ಮಾದರಿ ಸಂಖ್ಯೆ 318

ಅಕ್ಟೋಬರ್ 21, ಸೋಮವಾರ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಸರ್ಕಾರಿ ಪ್ರಯೋಗಾಲಯದ ಪರೀಕ್ಷಕಿ ಠಾಣೆಯ ಮೆಟ್ಟಿಲು ಹತ್ತಿದರು. ಹೊತ್ತನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟವನು ಮುಖ್ಯ ಪೇದೆ. ಯಾರು ಬಂದರೂ, ಯಾರು ಸೀನಿದರೂ ನಿಮಿಷದ ಲೆಕ್ಕದಲ್ಲಿ ಬರೆದಿಡುವ ಅವನಿಗೆ ಠಾಣೆಯಲ್ಲಿ ಬಿದ್ದಿದ್ದ ಹೆಸರು ಗಡಿಯಾರ.

ಇನ್‌ಸ್ಪೆಕ್ಟರ್ ಆಗ ಪತ್ರಿಕೆಯ ಮೂರನೇ ಪುಟದ ಮೇಲೆ ಟೀ ಲೋಟ ಇಟ್ಟು ಕೂತಿದ್ದರು. ಆ ಪುಟದಲ್ಲಿ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟ್ ಪದಕ ಸ್ವೀಕರಿಸುತ್ತಿರುವ ಚಿತ್ರವಿತ್ತು. ಇಬ್ಬರೂ ಒಂದೇ ದಿನ ತರಬೇತಿ ಶಾಲೆಗೆ ಸೇರಿದವರು, ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗಿದವರು. ಹತ್ತೊಂಬತ್ತು ವರ್ಷ ಕಳೆಯುವ ಹೊತ್ತಿಗೆ ಅವನು ಸೂಪರಿಂಟೆಂಡೆಂಟ್, ಇವರು ಇನ್‌ಸ್ಪೆಕ್ಟರ್. ಲೋಟದ ತಳದ ಒದ್ದೆ ಸರಿಯಾಗಿ ಆ ಮುಖದ ಮೇಲೇ ಉಂಗುರ ಬರೆದಿತ್ತು. ಅದು ತಾನಾಗಿ ಆದದ್ದೆಂದು ಇನ್‌ಸ್ಪೆಕ್ಟರ್ ತಮಗೆ ತಾವೇ ಹೇಳಿಕೊಂಡರು.

ಪರೀಕ್ಷಕಿ ಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಐವತ್ತು ದಾಟಿದ ಹೆಂಗಸು. ಬೆರಳ ತುದಿಗಳಲ್ಲಿ ಬಣ್ಣದ ದ್ರಾವಣದ ನೇರಳೆ ಕಲೆ.

"ಈ ಸಹಿ ನನ್ನದಲ್ಲ ಸಾರ್," ಎಂದರು.

ಮೊದಲ ಕಾಗದ ವಾಣಿಜ್ಯ ಸಚಿವಾಲಯದ ತುರ್ತು ಆದೇಶ. ಅಕ್ಟೋಬರ್ 8ರ ದಿನಾಂಕ. ನದಿಯಾಚೆಯ ನೆರೆದೇಶದಿಂದ ಬರುವ ಜೇನುತುಪ್ಪ, ಮೇಣ ಮತ್ತು ಜೀವಂತ ಜೇನುಪೆಟ್ಟಿಗೆಗಳನ್ನು ಆ ಕ್ಷಣದಿಂದಲೇ ನಿಷೇಧಿಸಿದ ಆದೇಶ ಅದು. ಆಚೆಯ ಗೂಡುಗಳಲ್ಲಿ ಮರಿಹುಳ ಕೊಳೆಯುವ ರೋಗ ಪತ್ತೆಯಾಗಿದೆ, ಆದ್ದರಿಂದ ಸಚಿವ ಸಂಪುಟಕ್ಕೆ ಕಾಯದೆ ಸಚಿವರು ತಮ್ಮ ವಿಶೇಷಾಧಿಕಾರ ಬಳಸಿದ್ದಾರೆ ಎಂದು ಕಾರಣ ಬರೆದಿತ್ತು. ಕೆಳಗೆ ವಾಣಿಜ್ಯ ಸಚಿವೆಯ ಸಹಿ. ಎರಡನೆಯ ಕಾಗದ ಆ ರೋಗಕ್ಕೆ ಆಧಾರವಾದ ಪ್ರಯೋಗಾಲಯದ ವರದಿ. ಮಾದರಿ ಸಂಖ್ಯೆ 318, ಅಕ್ಟೋಬರ್ 4. ಕೆಳಗೆ ಪರೀಕ್ಷಕಿಯ ಸಹಿ.

ಆ ಆದೇಶ ಊರಿನಲ್ಲಿ ಯಾರಿಗೂ ಹೊಸದಲ್ಲ. ಅದು ಹೊರಟ ಮೂರನೇ ದಿನಕ್ಕೆ ನೆರೆದೇಶ ಸೇಡಿಗೆ ಈ ಕಡೆಯ ಗಾಜಿನ ಬಾಟಲಿಗಳನ್ನು ತಡೆದಿತ್ತು. ನದಿದಂಡೆಯ ಬಾಟಲಿ ಕಾರ್ಖಾನೆಯ ಮೂರು ಕುಲುಮೆಗಳಲ್ಲಿ ಎರಡು ಆರಿದ್ದವು. ನಾನೂರು ಜನ ಕೆಲಸವಿಲ್ಲದೆ ಗೇಟಿನೆದುರು ಕೂತಿದ್ದರು.

"ನೆರೆದೇಶದವರು ರೋಗದ ಹುಳ ಎಲ್ಲಿ, ಗಾಜಿನ ಸ್ಲೈಡ್ ತೋರಿಸಿ ಅಂತ ಕೇಳ್ತಿದ್ದಾರೆ," ಎಂದರು ಪರೀಕ್ಷಕಿ. "ಸಚಿವಾಲಯ ನನಗೆ ನೋಟಿಸ್ ಕೊಟ್ಟಿದೆ. ಏಳು ದಿನದಲ್ಲಿ ಸ್ಲೈಡ್ ಕೊಡದಿದ್ರೆ ಕೆಲಸದಿಂದ ತೆಗೀತಾರಂತೆ. ಮಾಡದೇ ಇರೋ ಪರೀಕ್ಷೆಯ ಸ್ಲೈಡ್ ಎಲ್ಲಿಂದ ತರಲಿ?"

"ನಾಲ್ಕನೇ ತಾರೀಕು ಎಲ್ಲಿದ್ರಿ?"

"ಹೆರಿಗೆ ಆಸ್ಪತ್ರೇಲಿ. ಮಗಳಿಗೆ ಹೆರಿಗೆ. ಮೂರರಿಂದ ಆರರವರೆಗೆ ರಜೆ ಹಾಕಿದ್ದೆ."

"ಸಾಕ್ಷಿ ಯಾರಾದ್ರೂ?"

"ಮೊಮ್ಮಗಳೇ ಸಾಕ್ಷಿ. ನಾಲ್ಕನೇ ತಾರೀಕು ಮಧ್ಯಾಹ್ನ ಎರಡೂ ಕಾಲಿಗೆ ಹುಟ್ಟಿದ್ದು. ಮೊದಲು ಎತ್ಕೊಂಡೋಳು ನಾನು."

ಗಡಿಯಾರ ಖುಷಿಯಿಂದ ಎರಡೂ ಕಾಲು ಎಂದು ಬರೆದುಕೊಂಡ. 11 ಗಂಟೆ 25 ನಿಮಿಷಕ್ಕೆ FIR ದಾಖಲಾಯಿತು. ಕ್ರೈಂ ನಂಬರ್ 112. ಸುಳ್ಳು ದಸ್ತಾವೇಜು ಸೃಷ್ಟಿಸಿದ್ದು, ಅದನ್ನು ನಿಜವೆಂದು ಬಳಸಿದ್ದು. ಆರೋಪಿ: ಅಪರಿಚಿತ.

ಮಧ್ಯಾಹ್ನ ಮೂರಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಚೀಟಿ ಅಂಟಿಸಿದ ಸೀಸೆಗಳು, ತೊಟ್ಟಿಕ್ಕುವ ನಲ್ಲಿ, ಮೂಗಿಗೆ ಅಡರುವ ಸ್ಪಿರಿಟ್ ವಾಸನೆ. ಪಂಚರಾಗಿ ಎದುರು ಕಚೇರಿಯ ಕಾವಲುಗಾರ, ಪಕ್ಕದ ಅಂಗಡಿಯ ಕನ್ನಡಕದವನು. ಮಾದರಿಗಳ ರಿಜಿಸ್ಟರಿನಲ್ಲಿ 318ನೇ ಸಾಲು ಹುಡುಕಿದರು. ಅಲ್ಲಿದ್ದದ್ದು ಜೇನುಹುಳವಲ್ಲ. 'ಪ್ರಾಥಮಿಕ ಶಾಲೆಯ ಬಾವಿ ನೀರು. ಕುಡಿಯಲು ಯೋಗ್ಯ.'

ಜೊತೆಗೆ ಬಂದಿದ್ದ ಮಹಿಳಾ ಪೇದೆ ಜುಲೈ ತಿಂಗಳ ಹಳೆಯ ವರದಿಯೊಂದನ್ನು ತೆಗೆದು, ಅದರ ಮೇಲೆ ಈ ವರದಿಯನ್ನಿಟ್ಟು ಕಿಟಕಿಯ ಗಾಜಿಗೆ ಹಿಡಿದಳು. ಎರಡು ಸಹಿಗಳೂ ಒಂದರ ಮೇಲೊಂದು ಕೂತು ಒಂದೇ ಆದವು.

"ಯಾರೂ ಎರಡು ಸಲ ಕೂದಲೆಳೆಯಷ್ಟೂ ಬದಲಾಗದ ಹಾಗೆ ಸಹಿ ಹಾಕಲ್ಲ ಸಾರ್," ಎಂದಳು. "ಇದು ಮೇಲಿಟ್ಟು ತಿದ್ದಿದ್ದು."

ಮುದ್ರೆ ಮಾತ್ರ ಅಸಲಿಯದೇ. ಪ್ರಯೋಗಾಲಯದ ಮುಖ್ಯಸ್ಥರ ಮುಖ ಹುಳ್ಳಗಾಯಿತು. ರವಾನೆ ರಿಜಿಸ್ಟರಿನಲ್ಲಿ ಅಕ್ಟೋಬರ್ 3ರಂದು ಅವರ ಕೈಬರಹದಲ್ಲೇ ಒಂದು ಸಾಲಿತ್ತು: ಮುದ್ರೆ ಒತ್ತಿದ ಖಾಲಿ ನಮೂನೆ ಒಂದು, ಸ್ವೀಕರಿಸಿದವರು ವಾಣಿಜ್ಯ ಸಚಿವೆಯ ಆಪ್ತ ಕಾರ್ಯದರ್ಶಿ.

"ಖಾಲಿ ಕಾಗದಕ್ಕೆ ಮುದ್ರೆ ಯಾಕೆ ಒತ್ತಿದ್ರಿ?"

"ಸಚಿವರ ಕಚೇರಿ ಕೇಳ್ತು ಸಾರ್. ಯಾಕೆ ಅಂತ ಕೇಳೋಕೆ ನಾನ್ಯಾರು?"

ಯಾರಿಗೆ ಲಾಭ ಎಂದು ಹುಡುಕುವುದು ಪೊಲೀಸರ ಅಭ್ಯಾಸ. ಮಂಗಳವಾರವಿಡೀ ಗಡಿಯಾರ ಊರಿನ ಜೇನು ವ್ಯಾಪಾರಿಗಳ ಅಂಗಡಿ ಸುತ್ತಿದ. ಎಲ್ಲರಿಗಿಂತ ದೊಡ್ಡ ವ್ಯಾಪಾರಿ ತನ್ನ ಖಾಲಿ ಕಪಾಟು ತೋರಿಸಿ ನಕ್ಕ.

"ನಾನು ಮಾರೋದೆಲ್ಲ ಆಚೆ ಕಡೇದೇ. ನಮ್ಮೂರಿನ ಅಸಲಿ ಜೇನು ಅಂತ ಚೀಟಿ ಅಂಟಿಸ್ತೀನಿ ಅಷ್ಟೆ. ಇದನ್ನ ಬರ್ಕೋಬೇಡಿ ಮತ್ತೆ."

ಗಡಿಯಾರ ಅದನ್ನೂ ಬರೆದುಕೊಂಡು ಬಂದ. ಈ ನಿಷೇಧದಿಂದ ಗೆದ್ದವರು ಊರಲ್ಲಿ ಒಬ್ಬರೂ ಸಿಗಲಿಲ್ಲ.

ಬುಧವಾರ ಬೆಳಿಗ್ಗೆ ಜೀಪು ಸೇತುವೆಯ ಕಡೆ ಹೊರಟಿತು. ಮುಕ್ಕಾಲು ಗಂಟೆಯ ದಾರಿ. ಕಬ್ಬಿಣದ ಸೇತುವೆ, ಈಚೆಗೊಂದು ಗೇಟು, ಆಚೆಗೊಂದು ಗೇಟು. ಬಾಟಲಿ ತುಂಬಿದ ಲಾರಿಗಳು ರಸ್ತೆಯಂಚಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಚಾಲಕರು ನೆರಳಿನಲ್ಲಿ ಕೂತು ಇಸ್ಪೀಟಾಡುತ್ತಿದ್ದರು. ತೂಕದ ಯಂತ್ರದ ಪಕ್ಕದಲ್ಲಿ ನೆಲ ದೊಡ್ಡ ವೃತ್ತವಾಗಿ ಕಪ್ಪಾಗಿತ್ತು. ಬೂದಿಯನ್ನು ಗುಡಿಸಿದ್ದರು, ಆದರೂ ಗಾಳಿ ಬೀಸಿದಾಗ ಮೇಣದ ಸುಟ್ಟ ವಾಸನೆ ಏಳುತ್ತಿತ್ತು.

ಸುಂಕದ ಅಧಿಕಾರಿ ಕುರ್ಚಿಯ ತುದಿಯಲ್ಲಿ ಕೂತು ಉತ್ತರ ಕೊಟ್ಟರು.

"ಆದೇಶ ಎಷ್ಟು ಗಂಟೆಗೆ ಬಂತು?"

"ಎಂಟನೇ ತಾರೀಕು ಬೆಳಿಗ್ಗೆ ಐದೂ ಐವತ್ತಕ್ಕೆ ಫೋನು. ಆರೂ ಹತ್ತಕ್ಕೆ ಪ್ರತಿ ಬಂತು."

"ಇಲ್ಲಿ ಸುಟ್ಟ ಜೇನುಪೆಟ್ಟಿಗೆಗಳ ಲಾರಿ?"

"ಏಳೂ ಇಪ್ಪತ್ತಕ್ಕೆ. ಅರವತ್ತು ಪೆಟ್ಟಿಗೆ."

"ಆದೇಶದಲ್ಲಿ ವಾಪಸ್ ಕಳಿಸಿ ಅಥವಾ ನಾಶ ಮಾಡಿ ಅಂತಿದೆ. ಸುಟ್ಟಿದ್ದು ಯಾಕೆ?"

"ಏಳೂವರೆಗೆ ಇನ್ನೊಂದು ಫೋನು ಬಂತು. ಮೇಡಂ ಅವರೇ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಮಂತ್ರಿ ಗೇಟಿಗೆ ಫೋನ್ ಮಾಡಿದ್ದು ನಾನು ಕಂಡಿಲ್ಲ."

"ಏನಂದ್ರು?"

"ಆ ಲಾರಿ ಬಂತಾ ಅಂದ್ರು. ಬಂತು ಅಂದೆ. ವಾಪಸ್ ಹೋಗಬಾರದು, ಅಲ್ಲೇ ಸುಡಿ ಅಂದ್ರು."

"'ಆ ಲಾರಿ' ಅಂದ್ರಾ?"

"ಹೌದು ಸಾರ್. ಆ ಲಾರಿ."

ಇನ್‌ಸ್ಪೆಕ್ಟರ್ ಗೇಟಿನ ರಿಜಿಸ್ಟರ್ ತರಿಸಿದರು. ಐದು ವರ್ಷ ಹಿಂದಕ್ಕೆ ಹೋದರು. ಜೀವಂತ ಜೇನುಪೆಟ್ಟಿಗೆಯ ಅಂಕಣದಲ್ಲಿ ಪ್ರತಿ ಅಕ್ಟೋಬರಿಗೆ ಒಂದೇ ಸಾಲು, ಒಂದೇ ಪರವಾನಗಿ, ಒಬ್ಬಳೇ ಹೆಂಗಸು. ಈ ಕಡೆ ಸೂರ್ಯಕಾಂತಿ ಅರಳುವ ಕಾಲಕ್ಕೆ ಅವಳು ಪೆಟ್ಟಿಗೆಗಳನ್ನು ತಂದು ಹೊಲಗಳ ಬದುವಿನಲ್ಲಿಡುತ್ತಿದ್ದಳು. ರೈತರಿಗೆ ಕಾಳು ಕಟ್ಟುತ್ತಿತ್ತು, ಅವಳಿಗೆ ಜೇನು.

"ಹುಳ ತರೋರು ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ. ಜೇನಕ್ಕ ಒಬ್ಬಳೇ. ಲಾರಿಯವರೆಲ್ಲ ಹಂಗೇ ಕರೆಯೋದು."

ಇನ್‌ಸ್ಪೆಕ್ಟರ್ ಹೊರಗೆ ಬಂದು ಕಪ್ಪು ವೃತ್ತದ ಅಂಚಿನಲ್ಲಿ ನಿಂತರು. ಎರಡು ದೇಶಗಳ ನಡುವಿನ ಆದೇಶ, ಸರ್ಕಾರದ ಮುದ್ರೆ, ನಾನೂರು ಜನರ ಕೆಲಸ. ಎಲ್ಲವೂ ಒಂದು ಲಾರಿಯ ಸಲುವಾಗಿ. ದುಡ್ಡಿನ ಆಸೆ ಹೀಗೆ ಮಾಡುವುದಿಲ್ಲ. ಆಸೆಬುರುಕ ಪೆಟ್ಟಿಗೆಗಳನ್ನು ಕಿತ್ತುಕೊಳ್ಳುತ್ತಾನೆ, ಮಾರುತ್ತಾನೆ. ಬಂತಾ ಎಂದು ಬೆಳಗಾಗೆದ್ದು ಫೋನ್ ಮಾಡಿ, ಸುಟ್ಟುಹೋಗಲಿ ಎಂದು ಕಾಯುವುದು ಬೇರೆಯದೇ ಒಂದು ಸಂಕಟ. ಅವರಿಗೆ ಅದರ ಪರಿಚಯವಿತ್ತು. ಮೂರು ವರ್ಷದ ಹಿಂದೆ, ಗೆಳೆಯನ ಬಡ್ತಿಯ ಪಟ್ಟಿ ಹೊರಡುವ ವಾರ, ಅವರು ಮನೆಯ ಮಹಡಿಯಲ್ಲಿ ಕೂತು ಅವನ ಮೇಲೆ ಹೆಸರಿಲ್ಲದ ದೂರಿನ ಪತ್ರ ಬರೆದಿದ್ದರು. ಅಂಚೆಗೆ ಹಾಕಲಿಲ್ಲ, ಹರಿದು ಹಾಕಿದರು, ನಿಜ. ಆದರೆ ಲಕೋಟೆಗೆ ಸ್ಟಾಂಪು ಅಂಟಿಸಿಯಾಗಿತ್ತು.

ಕರೆ ಕಳಿಸಿದ ಮೇಲೆ ಜೇನಕ್ಕ ಸೇತುವೆಯ ಮೇಲೆ ನಡೆದೇ ಬಂದಳು. ಐವತ್ತೇಳು ವರ್ಷ. ಗಂಡ ತೀರಿಕೊಂಡು ಆರು ವರ್ಷ. ಮೊಣಕೈವರೆಗೆ ಜೇನುಹುಳ ಕಚ್ಚಿದ ಹಳೆಯ ಗುರುತುಗಳು. ಸುಂಕದ ಕಚೇರಿಯ ಬೆಂಚಿನ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕೂತಳು. ಕಿಟಕಿಯಿಂದ ಆ ಕಪ್ಪು ನೆಲ ಕಾಣುತ್ತಿತ್ತು.

"ನಿಮ್ಮ ಹುಳಕ್ಕೆ ರೋಗ ಇತ್ತಾ ಅಕ್ಕ?"

"ರೋಗದ ಪೆಟ್ಟಿಗೆ ಬಾಗಿಲಲ್ಲೇ ನಾರುತ್ತೆ ಸಾರ್. ಮೂಗಿರೋ ಯಾರಿಗಾದರೂ ಗೊತ್ತಾಗುತ್ತೆ. ಯಾರೂ ಮೂಸಿ ನೋಡಲಿಲ್ಲ."

"ಸುಡುವಾಗ ನೀವು ಇಲ್ಲೇ ಇದ್ರಾ?"

"ಇದ್ದೆ. ಒಂದೇ ಒಂದು ಕೇಳ್ಕೊಂಡೆ. ಪೆಟ್ಟಿಗೆ ಬಾಗಿಲು ತೆಗೆದುಬಿಡಿ, ಹುಳ ಎಲ್ಲಾದರೂ ಹಾರಿಹೋಗಲಿ, ಆಮೇಲೆ ಮರ ಸುಡಿ ಅಂದೆ. ಬಾಗಿಲು ತೆಗೆಯೋ ಹಾಗಿಲ್ಲ ಅಂದ್ರು." "ಒಳಗಿಂದ ಸದ್ದು ಬರ್ತಿತ್ತು. ನಾನು ಕಿವಿ ಮುಚ್ಕೊಳ್ಳಲಿಲ್ಲ. ಸಾಕಿದೋಳು ಕೇಳಿಸ್ಕೋಬೇಕು ಅನ್ನಿಸ್ತು."

"ದೂರು ಯಾಕೆ ಕೊಡಲಿಲ್ಲ?"

ಅವಳು ಬೆಂಚಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

"ಈ ಕಡೆ ನಿಮ್ಮವರು ಯಾರಿದ್ದಾರೆ?"

"ಅಮ್ಮ."

"ಎಲ್ಲಿ?"

"ತಂಗಿ ಮನೇಲಿ."

"ತಂಗಿ ಏನು ಮಾಡ್ತಾರೆ?"

ಜೇನಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಿಮಗೆ ಗೊತ್ತಿರೋಳೇ ಸಾರ್. ಆ ಕಾಗದದ ಕೆಳಗೆ ಸಹಿ ಇದೆಯಲ್ಲ."

ಗಡಿಯಾರನ ಪೆನ್ನು ನಿಂತಿತು. ಜೇನಕ್ಕನೇ ಮುಂದುವರಿಸಿದಳು. ಇಪ್ಪತ್ತಾರು ವರ್ಷದ ಹಿಂದೆ ಯಾರಿಗೂ ಹೇಳದೆ ನದಿ ದಾಟಿ ಜೇನು ಸಾಕುವವನನ್ನು ಮದುವೆಯಾದದ್ದು, ಅಪ್ಪ ಸಾಯುವವರೆಗೂ ತನ್ನ ಮುಖ ನೋಡದೇ ಇದ್ದದ್ದು, ಆಮೇಲೆ ವರ್ಷಕ್ಕೊಂದು ದಿನ ಪೆಟ್ಟಿಗೆ ತರುವಾಗ ಅಮ್ಮನನ್ನು ನೋಡಿ ಒಂದು ಬಾಟಲಿ ಜೇನು ಕೊಟ್ಟು ಬರುತ್ತಿದ್ದದ್ದು.

"ಅವಳ ಮೇಲೆ ದೂರು ಬರೆಸ್ಕೋಬೇಡಿ," ಎಂದಳು ಎದ್ದು ನಿಲ್ಲುತ್ತ. "ಅವಳಿಗೆ ದಿನಾ ಅಮ್ಮ ಇದ್ದಾಳೆ. ಬೆಳಿಗ್ಗೆ ಎದ್ದರೆ ಅಮ್ಮ, ಊಟಕ್ಕೆ ಕೂತರೆ ಅಮ್ಮ. ನನಗೆ ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಇಷ್ಟೆಲ್ಲ ಇದ್ದೂ ಅವಳಿಗೆ ಏನು ಕಡಿಮೆ ಆಯ್ತೋ."

ಗುರುವಾರ ಬೆಳಿಗ್ಗೆ ಸಚಿವಾಲಯ. ನಿಷೇಧದ ಕಡತ ತರಿಸಿ ನೋಡಿದರೆ ಟಿಪ್ಪಣಿ ಹಾಳೆಗಳ ಸಂಖ್ಯೆ ಆರರಿಂದ ಎಂಟಕ್ಕೆ ಹಾರಿತ್ತು. ಏಳನೇ ಹಾಳೆ ಇಲ್ಲ. ಕಡತ ನೋಡುತ್ತಿದ್ದ ಅಧೀನ ಕಾರ್ಯದರ್ಶಿಯನ್ನು ಅಕ್ಟೋಬರ್ 9ರಂದು ನೆಲಮಾಳಿಗೆಯ ಹಳೆ ದಾಖಲೆಗಳ ಕೋಣೆಗೆ ವರ್ಗ ಮಾಡಿದ್ದರು. ಇನ್‌ಸ್ಪೆಕ್ಟರ್ ಇಳಿದು ಹೋದಾಗ ಆತ ಧೂಳಿಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದ.

"ಏಳನೇ ಹಾಳೇಲಿ ಏನಿತ್ತು?"

"ನನ್ನ ಆಕ್ಷೇಪಣೆ. ಒಬ್ಬರ ಸಹಿಯಿಂದ ನೆರೆದೇಶದ ವ್ಯಾಪಾರ ನಿಲ್ಲಿಸೋ ಹಾಗಿಲ್ಲ, ತಜ್ಞರ ಸಮಿತಿ ನೋಡಬೇಕು, ಎರಡನೇ ಪರೀಕ್ಷೆ ಆಗಬೇಕು, ಸಂಪುಟಕ್ಕೆ ಹೋಗಬೇಕು ಅಂತ ಬರೆದಿದ್ದೆ."

"ಸಚಿವರು ಏನಂದ್ರು?"

"ಕಾನೂನು ಅಧಿಕಾರ ಕೊಟ್ಟಿರೋದು ನನಗೆ, ನಿಮಗಲ್ಲ ಅಂದ್ರು."

"ಹಾಳೆ ಈಗ ಎಲ್ಲಿದೆ?"

"ಅಸಲು ಗೊತ್ತಿಲ್ಲ." ಆತ ಊಟದ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. "ಇದು ನಕಲು. ಇಪ್ಪತ್ತೊಂಬತ್ತು ವರ್ಷದ ಸರ್ವೀಸು ಸಾರ್. ಆಕ್ಷೇಪಣೆ ಬರೆದ ದಿನವೇ ಅದರ ನಕಲು ನನ್ನ ಜೊತೆ ಮನೆಗೆ ಹೋಗುತ್ತೆ."

ಸಂಜೆ ನಾಲ್ಕಕ್ಕೆ ಆಪ್ತ ಕಾರ್ಯದರ್ಶಿ ಠಾಣೆಗೆ ಬಂದ. ಇಸ್ತ್ರಿ ಕೆಡದ ಅಂಗಿ, ಎರಡು ಫೋನು. ಮೊದಲ ಅರ್ಧ ಗಂಟೆ ಅವನಿಗೆ ಏನೂ ನೆನಪಿರಲಿಲ್ಲ. ಇನ್‌ಸ್ಪೆಕ್ಟರ್ ಜಗಳವಾಡಲಿಲ್ಲ. ರವಾನೆ ರಿಜಿಸ್ಟರ್ ತೆರೆದು ಅವನ ಸಹಿ ತೋರಿಸಿದರು. ಆಮೇಲೆ ಎರಡು ವರದಿಗಳನ್ನೂ ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿದರು.

"ಎಲ್ಲಿ ಇಟ್ಟು ತಿದ್ದಿದ್ದು?"

ಅವನು ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡ. "ಮೇಡಂ ಕೋಣೆಯ ಕಿಟಕಿ ಗಾಜಿನ ಮೇಲೆ."

"ಯಾರ ಮಾತಿಗೆ?"

"ಅವರದ್ದೇ. ಮೂವತ್ತು ದಿನದ ಆದೇಶ, ಆಮೇಲೆ ತಾನೇ ರದ್ದಾಗುತ್ತೆ, ಯಾರಿಗೂ ಏನೂ ಆಗಲ್ಲ ಅಂದ್ರು."

"ಯೋಚನೆ ಯಾವಾಗಿಂದ ಇತ್ತು?"

"ಹೋದ ಅಕ್ಟೋಬರಲ್ಲಿ ಅವರ ಅಕ್ಕ ಬಂದು ಹೋದ ಮಾರನೇ ದಿನ ಆಮದು ಕಾನೂನಿನ ಪುಸ್ತಕ ತರಿಸಿಕೊಂಡ್ರು. ಆ ಪುಸ್ತಕ ಅವರ ಮೇಜಿನಿಂದ ಕೆಳಗಿಳಿಯಲೇ ಇಲ್ಲ."

ಶುಕ್ರವಾರ ಬೆಳಿಗ್ಗೆ 11 ಗಂಟೆಗೆ, ಶೋಧನೆಯ ವಾರಂಟ್ ಹಿಡಿದು, ಸಚಿವೆಯ ಮನೆ. ಅವರು ಶಾಸನಸಭೆಗೆ ಹೋಗಿದ್ದರು. ನಡುಮನೆಯ ಗೋಡೆ ತುಂಬ ಫಲಕಗಳು, ಹಾರ ಹಾಕಿಸಿಕೊಂಡ ಚಿತ್ರಗಳು. ಓದುವ ಕೋಣೆಯ ಮೇಜಿನ ಕೆಳಗಿನ ಖಾನೆಯಲ್ಲಿ ಏಳನೇ ಹಾಳೆ ಸಿಕ್ಕಿತು. ಹರಿದಿರಲಿಲ್ಲ, ಸುಟ್ಟಿರಲಿಲ್ಲ. ಸರ್ಕಾರಿ ಕಾಗದ ನಾಶ ಮಾಡಲು ಆ ಕೈ ಕೊನೆಗೂ ಹಿಂಜರಿದಿತ್ತು.

ಪಂಚನಾಮೆ ಬರೆಯುತ್ತಿರುವಾಗ ಒಳಕೋಣೆಯಿಂದ ಎಂಬತ್ತೆರಡರ ಅಜ್ಜಿ ಕೋಲೂರಿಕೊಂಡು ಬಂದರು. ಒಗೆದು ಮಡಿಸಿದ ಹತ್ತಿಯ ಸೀರೆ, ಒಪ್ಪವಾಗಿ ಬಾಚಿದ ತಲೆ. ಯಾರೋ ದಿನವೂ ನಿಗಾ ಇಟ್ಟು ನೋಡಿಕೊಳ್ಳುವ ಮುದುಕಿ ಎಂಬುದು ನೋಡಿದರೇ ತಿಳಿಯುತ್ತಿತ್ತು.

"ಪೊಲೀಸಾ? ಸೇತುವೆ ಕಡೆಯಿಂದ ಬಂದ್ರೇನಪ್ಪಾ? ನಮ್ಮ ದೊಡ್ಡವಳು ಈ ವರ್ಷ ಬರಲೇ ಇಲ್ಲ."

"ಗೇಟು ಮುಚ್ಚಿದೆ ಅಜ್ಜಿ."

"ಅವಳು ಬಂದರೆ ಮನೆಗೆ ಬೆಳಕು ಬಂದಂಗೆ. ಆರು ವರ್ಷದಿಂದ ಒಬ್ಬಳೇ ಅರವತ್ತು ಪೆಟ್ಟಿಗೆ ನೋಡ್ಕೊಳ್ತಾಳೆ. ನನ್ನ ಕಾಲು ನೋವಿಗೆ ಅವಳ ಜೇನೇ ಆಗಬೇಕು. ಬೇರೆ ಯಾವುದೂ ನಾಟಲ್ಲ. ಚಿಕ್ಕಂದಿನಿಂದ ಅವಳ ಕೈಗುಣವೇ ಹಾಗೆ." ಅಜ್ಜಿ ಕೂತರು. ಇನ್ನೂ ಹತ್ತು ನಿಮಿಷ ದೊಡ್ಡವಳ ಮಾತೇ. ದೊಡ್ಡವಳ ದನಿ, ದೊಡ್ಡವಳ ಧೈರ್ಯ, ದೊಡ್ಡವಳು ಮೂರನೇ ಕ್ಲಾಸಿನಲ್ಲಿ ಹಾಡಿದ್ದು.

"ಚಿಕ್ಕ ಮಗಳು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಅವಳಾ?" ಅಜ್ಜಿ ಒಂದು ಕ್ಷಣ ಯೋಚಿಸಿದರು. "ಇರ್ತಾಳೆ. ಇಲ್ಲೇ ಇರ್ತಾಳಲ್ಲ."

ಮಹಿಳಾ ಪೇದೆ ತಲೆ ತಗ್ಗಿಸಿಕೊಂಡು ಬರೆಯುತ್ತಲೇ ಇದ್ದಳು.

ಅಧಿಕಾರದಲ್ಲಿರುವ ಮಂತ್ರಿಯನ್ನು ಹಿಡಿಯಬೇಕಾದರೆ ನ್ಯಾಯಾಲಯದ ವಾರಂಟ್ ಬೇಕು, ವಾರಂಟಿಗೆ ಸೂಪರಿಂಟೆಂಡೆಂಟರ ಶಿಫಾರಸು ಬೇಕು. ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ಗೆಳೆಯನ ಕೋಣೆಯಲ್ಲಿ ಸಲ್ಯೂಟ್ ಹೊಡೆದು ನಿಂತರು. ಅವನು ಅಡ್ಡಗಾಲು ಹಾಕುತ್ತಾನೆ ಎಂದು ಅವರು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು. ಹಾಕಲಿ ಎಂದೂ ಒಳಗೊಳಗೇ ಅನ್ನಿಸಿತ್ತು. ಹಾಗಾದರೆ ಹತ್ತೊಂಬತ್ತು ವರ್ಷದ ಲೆಕ್ಕ ಒಂದೇ ಏಟಿಗೆ ಸಮವಾಗುತ್ತಿತ್ತು: ನೋಡು, ಕುರ್ಚಿಗಾಗಿ ಬಾಗಿದವನು ನೀನು.

ಸೂಪರಿಂಟೆಂಡೆಂಟ್ ಕಡತವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ. ನಲವತ್ತು ನಿಮಿಷ. ಒಂದು ಕಡೆ ದಿನಾಂಕ ತಪ್ಪಿದ್ದನ್ನು ತಿದ್ದಿಸಿದ. ಆಮೇಲೆ ಸಹಿ ಹಾಕಿದ.

"ಯೋಚನೆ ಮಾಡಿ ಹಾಕಿದೀರಾ ಸಾರ್?"

"ಬಾಗಿಲು ಮುಚ್ಚಿದೆ, ಸಾರ್ ಗೀರ್ ಬೇಡ." ಅವನು ಪೆನ್ನಿಗೆ ಮುಚ್ಚಳ ಹಾಕಿದ. "ನಾಳೆ ನನ್ನನ್ನ ಎಲ್ಲಿಗಾದರೂ ಎತ್ತಿ ಒಗೆಯಬಹುದು. ಒಗೆಯಲಿ. ನಿಜ ಹೇಳಲಾ? ಇದನ್ನ ಓದ್ತಾ ಹೊಟ್ಟೆಕಿಚ್ಚಾಯ್ತು ಕಣೋ. ಇಂಥ ತನಿಖೆ ಮಾಡಿ ಎಷ್ಟು ವರ್ಷವಾಯ್ತು ನಾನು. ನೀನು ಬೀದಿ ಸುತ್ತುತ್ತೀಯ, ನಾನು ಸಹಿ ಹಾಕ್ತೀನಿ."

ಅದು ನಿಜವೋ, ದೊಡ್ಡ ಮನಸ್ಸಿನಿಂದ ಆಡಿದ ಮಾತೋ, ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ. ಕೈಕುಲುಕಿ ಹೊರಬಂದರು. ಗೆಳೆಯ ಸಣ್ಣವನಾಗಲು ಒಪ್ಪಲಿಲ್ಲ ಎಂಬ ಸಿಟ್ಟು ಜೀಪು ಹತ್ತುವವರೆಗೂ ಇತ್ತು. ಜೀಪಿನಲ್ಲಿ ಕೂತ ಮೇಲೆ ಅವರಿಗೆ ನಾಚಿಕೆಯಾಯಿತು.

ಅಕ್ಟೋಬರ್ 26, ಶನಿವಾರ. ಬೆಳಿಗ್ಗೆ 10 ಗಂಟೆ 15 ನಿಮಿಷ. ವಾಣಿಜ್ಯ ಸಚಿವೆ ತಮ್ಮ ಕಚೇರಿಯಲ್ಲಿ ಒಬ್ಬರೇ ಇದ್ದರು. ವಾರಂಟನ್ನು ಎರಡು ಸಲ ಓದಿದರು. ದನಿ ಏರಿಸಲಿಲ್ಲ.

"ಆ ಆದೇಶ ಹೊರಡಿಸೋ ಅಧಿಕಾರ ನನಗೆ ಇದೆ."

"ಆದೇಶದ ಅಧಿಕಾರ ಇರಬಹುದು ಮೇಡಂ. ವರದಿ ಬರೆಯೋ ಅಧಿಕಾರ ಇಲ್ಲ."

"ಆಚೆ ಕಡೆ ರೋಗ ಇಲ್ಲ ಅಂತ ನಿಮಗೇನು ಗೊತ್ತು?"

"ಮಾದರಿ 318 ಶಾಲೆಯ ಬಾವಿ ನೀರು. ಮಕ್ಕಳು ಕುಡೀತಿದ್ದಾರೆ, ಚೆನ್ನಾಗಿದ್ದಾರೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಕ್ಕ ದೂರು ಕೊಟ್ಲಾ?"

"ಇಲ್ಲ. ಕೊಡೋಕೆ ಒಪ್ಪಲಿಲ್ಲ. ಬರೆಸ್ಕೋಬೇಡಿ ಅಂದ್ರು."

ಅವರ ಮುಖ ಅಲ್ಲಿಯವರೆಗೆ ಗಟ್ಟಿಯಾಗಿತ್ತು, ಈ ಮಾತಿಗೆ ಕಂಗೆಟ್ಟಿತು. "ಇದರಲ್ಲೂ ಅವಳೇ ಒಳ್ಳೆಯವಳಾದಳು," ಎಂದರು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ವಕೀಲರು ಬೇಡವೆಂದರೂ ಅವರು ನಿಲ್ಲಿಸಲಿಲ್ಲ. ಅಕ್ಕ ಹೊರಟುಹೋದ ಮೇಲೆ ಅಪ್ಪನ ಕೊನೆಯ ಕಾಯಿಲೆ ನೋಡಿದ್ದು ತಾವು. ಅಮ್ಮನನ್ನು ಬಿಟ್ಟು ಹೋಗಬೇಕಾಗುತ್ತದೆಂದು ಬಂದ ಎರಡು ಸಂಬಂಧ ಬಿಟ್ಟಿದ್ದು ತಾವು. ಚುನಾವಣೆಯ ಪ್ರಚಾರದಲ್ಲೂ ಊಟದ ಹೊತ್ತಿಗೆ ಮನೆಗೆ ಬಂದು ಅಮ್ಮನಿಗೆ ಬಡಿಸಿ ಹೋಗುತ್ತಿದ್ದದ್ದು ತಾವು.

"ಪ್ರಮಾಣವಚನ ಮುಗಿಸಿ ಮನೆಗೆ ಬಂದು ಅಮ್ಮನ ಕಾಲು ಮುಟ್ಟಿದೆ," ಎಂದರು. "ಏನು ಕೇಳಿದಳು ಗೊತ್ತಾ? 'ಯಾವ ಖಾತೆ?' ಅಂದಳು. ವಾಣಿಜ್ಯ ಅಂದೆ. 'ಹಾಗಾದರೆ ಇನ್ಮೇಲೆ ದೊಡ್ಡವಳ ಲಾರಿ ಗೇಟಲ್ಲಿ ಕಾಯಬೇಕಾಗಿಲ್ಲ ಅಲ್ವಾ?' ಅಂದಳು."

ಗಡಿಯಾರ ಆ ಮಾತನ್ನೂ ಬರೆದುಕೊಂಡ.

"ನಾನೂರು ಜನರ ಕೆಲಸ ಹೋಗುತ್ತೆ ಅನ್ನೋದು ಹೊಳೀಲಿಲ್ವಾ?"

"ಹೊಳೀಲಿಲ್ಲ. ಸಹಿ ಹಾಕುವಾಗ ಒಂದೇ ಕಾಣ್ತಿತ್ತು. ಈ ಅಕ್ಟೋಬರಲ್ಲಿ ಅವಳು ಬಾಗಿಲಿಗೆ ಬರಲ್ಲ."

ಶನಿವಾರ ಸಂಜೆಗೆ ಸರ್ಕಾರ ಸಚಿವೆಯನ್ನು ಸಂಪುಟದಿಂದ ಕೈಬಿಟ್ಟು, ಆದೇಶ ಹಿಂತೆಗೆದುಕೊಂಡಿತು. ಪರೀಕ್ಷಕಿಯ ಮೇಲಿನ ನೋಟಿಸ್ ರದ್ದಾಯಿತು; ನೆರೆದೇಶವೂ ತನ್ನ ತಡೆ ತೆಗೆಯಿತು, ಬಾಟಲಿ ಕಾರ್ಖಾನೆಯಲ್ಲಿ ಆರಿದ್ದ ಕುಲುಮೆಗಳಿಗೆ ಮತ್ತೆ ಬೆಂಕಿ ಹಾಕಿದರು. ಸುಟ್ಟ ಅರವತ್ತು ಪೆಟ್ಟಿಗೆಗಳಿಗೆ ಪರಿಹಾರ ಕೊಡಬೇಕೆಂದು ಕಡತವೊಂದು ತೆರೆಯಿತು, ಅದು ಯಾವಾಗ ಮುಗಿಯುವುದೋ ಯಾರಿಗೂ ಗೊತ್ತಿಲ್ಲ. ಮುದುಕಿಯನ್ನು ನೋಡಿಕೊಳ್ಳಲು ಜೇನಕ್ಕನಿಗೆ ಒಂದು ವಾರದ ಪಾಸು ಸಿಕ್ಕಿತು.

ಭಾನುವಾರ ಬೆಳಿಗ್ಗೆ ಮಾಜಿ ಸಚಿವೆ ಲಾಕಪ್ಪಿನ ಕಂಬಿಯ ಹತ್ತಿರ ಬಂದು ಇನ್‌ಸ್ಪೆಕ್ಟರನ್ನು ಕರೆದರು.

"ಅಮ್ಮನ್ನ ಯಾರು ನೋಡ್ಕೊಳ್ತಿದ್ದಾರೆ?"

"ನಿಮ್ಮಕ್ಕ ಬಂದಿದ್ದಾರೆ."

ಅವರು ಕಂಬಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅಮ್ಮ ಈಗ ಪೂರ್ತಿಯಾಗಿ ಅಕ್ಕನ ಪಾಲಾಗಿದ್ದಳು, ಅದೂ ತಮ್ಮ ಕೈಯಾರೆ.

"ಕಣ್ಣಿಗೆ ಹನಿ ಹಾಕೋದಿದೆ," ಎಂದರು ಕೊನೆಗೆ. "ದಿನಕ್ಕೆ ಮೂರು ಸಲ. ಎಡಗಣ್ಣಿಗೆ ಮೊದಲು. ಹಾಕಿದ ಮೇಲೆ ರೆಪ್ಪೆ ಮುಚ್ಚಿಸಿ ಮೂಗಿನ ಪಕ್ಕ ಒತ್ತಿ ಹಿಡೀಬೇಕು, ಇಲ್ಲದಿದ್ರೆ ಗಂಟಲಿಗೆ ಇಳಿದು ಕಹಿಯಾಗುತ್ತೆ. ಅಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ."

ಕೊನೆಯ ಮಾತಿನಲ್ಲಿ ಒಂದು ಎಳೆ ಹೆಮ್ಮೆಯಿತ್ತು. ಇನ್‌ಸ್ಪೆಕ್ಟರ್ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಮಹಿಳಾ ಪೇದೆಯ ಕೈಗೆ ಕೊಟ್ಟು ಕಳಿಸಿದರು.

ಅವಳು ಮಧ್ಯಾಹ್ನಕ್ಕೆ ವಾಪಸಾದಳು. ಚೀಟಿ ಓದಿ ಹೇಳಿ, ಎದುರಿಗೇ ನಿಂತು ಜೇನಕ್ಕನ ಕೈಯಿಂದ ಹನಿ ಹಾಕಿಸಿದ್ದಳು. ಏನಾಯಿತೆಂದು ಇನ್‌ಸ್ಪೆಕ್ಟರಿಗೆ ಹೇಳಿದಳು. ಅದು ತನಿಖೆಗೆ ಬೇಕಾದ ಸಂಗತಿಯಲ್ಲ. ಅವರು ಸ್ವಲ್ಪ ಹೊತ್ತು ಮೇಜಿನ ಮುಂದೆ ಕೂತಿದ್ದು, ಎದ್ದು, ಲಾಕಪ್ಪಿನ ಕಡೆ ನಡೆದರು.

"ನಿಮ್ಮಕ್ಕ ಹನಿ ಹಾಕಿದ್ರು," ಎಂದರು. "ನಿಮ್ಮಮ್ಮ ಕೈ ತಳ್ಳಿಬಿಟ್ರಂತೆ. 'ನಿನಗೆ ಬರಲ್ಲ ಬಿಡು. ಚಿಕ್ಕವಳು ಹಾಕಿದ್ರೆ ಒಂದು ಹನಿ ಕೆನ್ನೆಗೆ ಬೀಳಲ್ಲ. ಅವಳನ್ನ ಕರೀರಿ' ಅಂದ್ರಂತೆ."

ಅವರು ಕಂಬಿ ಹಿಡಿದುಕೊಂಡರು.

"ಅಕ್ಕ ಎದುರಿಗೇ ಇದ್ಲಾ?"

"ಇದ್ರು."

"ಅಮ್ಮ ಏನಂದಳು? ಇನ್ನೊಂದು ಸಲ ಹೇಳಿ."

ಇನ್‌ಸ್ಪೆಕ್ಟರ್ ಒಂದು ಮಾತೂ ಬಿಡದೆ ಮತ್ತೆ ಹೇಳಿದರು.